ಹಿಂದೆ ಬರುವವನ ಹೆಜ್ಜೆ

2024ರ ವಸಂತಕಾಲದಲ್ಲಿ ನಾನೂ ನನ್ನ ಬಾಲ್ಯದ ಗೆಳೆಯನೊಬ್ಬನೂ ಸ್ಪೇನ್ ದೇಶದ ಸಾಂತಿಯಾಗೊ ದೆ ಕೊಂಪೊಸ್ತೆಲಾಕ್ಕೆ ಕಾಲ್ನಡಿಗೆಯಲ್ಲಿ ಹೋಗಿದ್ದೆವು. ಫ್ರಾನ್ಸಿನ ಗಡಿಯೂರಿನಿಂದ ಪ್ರೇಷಿತ ಸಂತ ಯಕೋಬರ ಸಮಾಧಿಯವರೆಗೆ ಸುಮಾರು 780 ಕಿಲೋಮೀಟರ್. ನಲವತ್ತು ದಿನಗಳ ಪಯಣ. ಹಿಂದಿರುಗಿದ ಮೇಲೆ ಧರ್ಮಕೇಂದ್ರದ ಸಭೆಗಳಲ್ಲಿ, ಯುವಜನರ ಶಿಬಿರಗಳಲ್ಲಿ ಆ ಯಾತ್ರೆಯ ಚಿತ್ರಗಳನ್ನು ತೋರಿಸಿ ಮಾತನಾಡಿದ್ದೇನೆ. ಬೆಟ್ಟ, ಸೇತುವೆ, ಪ್ರಧಾನಾಲಯಗಳನ್ನೆಲ್ಲ ವರ್ಣಿಸಿದ್ದೇನೆ. ಆದರೆ ಆ ದಾರಿಯಲ್ಲಿ ನನಗೆ ನಿಜವಾಗಿ ಆದದ್ದೇನು ಎಂಬುದನ್ನು ಮಾತ್ರ ಎಲ್ಲಿಯೂ ಹೇಳಿರಲಿಲ್ಲ. ಅದನ್ನು ಹೇಳಬೇಕಾದರೆ ನನ್ನ ತಪ್ಪನ್ನು ಹೇಳಬೇಕು, ಗೆಳೆಯನ ದುಃಖವನ್ನೂ ಹೇಳಬೇಕು. ಈಗ ಅವನೇ, "ಬರಿ ಮಾರಾಯ, ಯಾರಿಗಾದರೂ ಉಪಯೋಗವಾದೀತು. ನನ್ನ ಹೆಸರು ಮಾತ್ರ ಬೇಡ" ಎಂದಿರುವುದರಿಂದ ಬರೆಯುತ್ತಿದ್ದೇನೆ.

ನಾವಿಬ್ಬರೂ ಮಲೆನಾಡಿನವರು. ಹತ್ತನೆಯ ತರಗತಿ ಮುಗಿಸಿ ಒಂದೇ ದಿನ, ಒಂದೇ ಬಸ್ಸಿನಲ್ಲಿ, ತಗಡಿನ ಟ್ರಂಕು ಹೊತ್ತು ಗುರುಮಠ ಸೇರಿದವರು. ತತ್ತ್ವಶಾಸ್ತ್ರದ ಎರಡನೆಯ ವರ್ಷದಲ್ಲಿ ಅವನು, ಇದು ನನ್ನ ಕರೆಯಲ್ಲ ಎಂದು ಹೇಳಿ ಮನೆಗೆ ಮರಳಿದ. ಮುಂದೆ ಪ್ರೌಢಶಾಲೆಯ ಶಿಕ್ಷಕನಾದ. ಅವನ ಮದುವೆಯ ಬಲಿಪೂಜೆಯಲ್ಲಿ ನಾನಿದ್ದೆ. ಅವನ ಮಗಳಿಗೆ ಜ್ಞಾನಸ್ನಾನ ಕೊಟ್ಟವನೂ ನಾನೇ. ಭಾನುವಾರದ ಪೂಜೆಯನ್ನು ಎಂದೂ ತಪ್ಪಿಸದ ಕುಟುಂಬ ಅದು. 2022ರಲ್ಲಿ ಅವನ ಪತ್ನಿ ಕ್ಯಾನ್ಸರಿನಿಂದ ತೀರಿಕೊಂಡರು. ಅಂದಿನಿಂದ ಅವನು ದೇವಾಲಯದ ಕಡೆ ಬರಲಿಲ್ಲ. ಯಾರೊಡನೆಯೂ ವಾದ ಮಾಡಲಿಲ್ಲ, ಯಾರನ್ನೂ ದೂರಲಿಲ್ಲ. ಸುಮ್ಮನೆ ಬರುವುದನ್ನು ನಿಲ್ಲಿಸಿದ.

ಎರಡು ವರ್ಷಗಳ ನಂತರ, ಜರ್ಮನಿಯಲ್ಲಿ ದಾದಿಯಾಗಿರುವ ಅವನ ಮಗಳು ತಂದೆಯನ್ನು ಕೆಲವು ತಿಂಗಳ ಮಟ್ಟಿಗೆ ತನ್ನ ಬಳಿ ಕರೆಸಿಕೊಂಡಳು. ಅದೇ ಸಮಯಕ್ಕೆ ಧರ್ಮಾಧ್ಯಕ್ಷರು ನನಗೆ ಒಂದು ವರ್ಷದ ಬಿಡುವು ಕೊಟ್ಟು ರೋಮ್ ನಗರಕ್ಕೆ ಅಧ್ಯಯನಕ್ಕಾಗಿ ಕಳುಹಿಸಿದ್ದರು. ಒಂದು ಸಂಜೆ ಮಗಳು ಫೋನ್ ಮಾಡಿ, "ಫಾದರ್ ಅಂಕಲ್, ಅಪ್ಪ ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಾರೆ. ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ" ಎಂದಳು. ಸಾಂತಿಯಾಗೊ ದಾರಿಯ ಮಾತನ್ನು ನಾನು ಎತ್ತಿದಾಗ ಗೆಳೆಯ ಒಪ್ಪಿದ. ಆದರೆ ಒಂದು ಮಾತು ಸೇರಿಸಿದ: "ನಡೆಯುವುದಕ್ಕೆ ಬರುತ್ತೇನೆ. ಯಾತ್ರೆಗೆ ಅಲ್ಲ."

ನಾನು ನಕ್ಕು ಸುಮ್ಮನಾದೆ. ಕಳೆದುಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತರುವ ಕುರುಬನ ಚಿತ್ರ ಆಗಲೇ ನನ್ನ ಮನಸ್ಸಿನಲ್ಲಿ ಮೂಡಿತ್ತು. ಆ ಚಿತ್ರದಲ್ಲಿ ಕುರುಬ ಯಾರು, ಕುರಿ ಯಾರು ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ನಾವು ಹೊರಟದ್ದು ಏಪ್ರಿಲ್ 8ರಂದು, ಫ್ರಾನ್ಸಿನ ಸ್ಯಾಂ ಜಾಂ ಪಿಯೆ ದ ಪೋರ್ ಎಂಬ ಪುಟ್ಟ ಊರಿನಿಂದ. ಆ ವರ್ಷ ಮಾರ್ಚ್ 25 ಪವಿತ್ರ ವಾರದಲ್ಲಿ ಬಿದ್ದಿದ್ದರಿಂದ ಮಂಗಳವಾರ್ತೆಯ ಮಹೋತ್ಸವವನ್ನು ಧರ್ಮಸಭೆ ಅಂದು ಆಚರಿಸುತ್ತಿತ್ತು. ಇದು ಶುಭಸೂಚನೆ ಎಂದು ನಾನು ಹೇಳಿದೆ. ಗೆಳೆಯ ಬೂಟಿನ ದಾರ ಬಿಗಿದುಕೊಳ್ಳುತ್ತಿದ್ದ, ಉತ್ತರಿಸಲಿಲ್ಲ. ಮೊದಲ ದಿನವೇ ಪಿರನೀಸ್ ಪರ್ವತವನ್ನು ದಾಟಬೇಕು. ಹಿಮದ ಭಯದಿಂದ ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಮುಚ್ಚಿರುವ ಆ ಮೇಲುದಾರಿ ತೆರೆದು ಒಂದು ವಾರವಷ್ಟೇ ಆಗಿತ್ತು. ಸಮುದ್ರಮಟ್ಟದಿಂದ ಇನ್ನೂರು ಮೀಟರಿಗೂ ಕಡಿಮೆ ಎತ್ತರದಲ್ಲಿರುವ ಊರಿನಿಂದ ಸಾವಿರದ ನಾನೂರು ಮೀಟರಿಗೂ ಮೇಲಕ್ಕೆ ಏರಿ, ಸುಮಾರು 25 ಕಿಲೋಮೀಟರ್ ನಡೆದು, ಸ್ಪೇನಿನ ರೋನ್ಸೆಸ್‌ವಾಯೆಸ್ ಸೇರಬೇಕು. ಮಂಜಿನೊಳಗಿಂದ ಕುರಿಗಳ ಕೊರಳ ಗಂಟೆ ಕೇಳಿಸುತ್ತಿತ್ತು. "ಚಾರ್ಮಾಡಿ ಘಾಟಿಯ ಹಾಗೇ ಇದೆ" ಎಂದ ಗೆಳೆಯ. ಅಂದು ಅವನು ಆಡಿದ್ದು ಆ ಒಂದೇ ಮಾತು.

ಸಂಜೆ ರೋನ್ಸೆಸ್‌ವಾಯೆಸ್ ದೇವಾಲಯದ ಬಲಿಪೂಜೆಯ ಕೊನೆಗೆ ಯಾತ್ರಿಕರನ್ನು ಬಲಿಪೀಠದ ಮುಂದೆ ಕರೆದು ಆಶೀರ್ವದಿಸಿದರು. ನಾನು ಸಹಯಾಜಕರ ಸಾಲಿನಲ್ಲಿ ನಿಂತು ಕಣ್ಣಿನಲ್ಲೇ ಗೆಳೆಯನನ್ನು ಹುಡುಕಿದೆ. ಅವನು ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತು ಕಾಲಿನ ಬೊಬ್ಬೆಗೆ ಪಟ್ಟಿ ಹಚ್ಚುತ್ತಿದ್ದ.

ಆ ದಾರಿಯ ದಿನಚರಿ ಸರಳವಾದದ್ದು. ಬೆಳಗ್ಗೆ ಆರಕ್ಕೆ ಎದ್ದು ಬೆನ್ನುಚೀಲ ಹೊತ್ತು ಹೊರಡುವುದು. ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ನಡೆಯುವುದು. ಮಧ್ಯಾಹ್ನದ ವೇಳೆಗೆ ಅಲ್ಬೆರ್ಗೆ ಎಂದು ಕರೆಯುವ ಯಾತ್ರಿಕರ ತಂಗುದಾಣ ಸೇರುವುದು. ಅಲ್ಲಿ ಒಂದರ ಮೇಲೊಂದು ಮಂಚ. ಒಂದೇ ಕೋಣೆಯಲ್ಲಿ ಹತ್ತಾರು ದೇಶದವರು. ಇದ್ದ ಎರಡು ಜೊತೆ ಬಟ್ಟೆಯಲ್ಲಿ ಒಂದನ್ನು ಒಗೆದು ಒಣಹಾಕಿ, ಯಾತ್ರಿಕರ ಗುರುತುಪತ್ರಕ್ಕೆ ಆ ಊರಿನ ಮುದ್ರೆ ಒತ್ತಿಸಿಕೊಂಡರೆ ದಿನದ ಕೆಲಸ ಮುಗಿಯಿತು. ದಾರಿ ಕೇಳುವ ಪ್ರಮೇಯವೇ ಇಲ್ಲ. ಗೋಡೆ, ಮರ, ಕಲ್ಲು, ವಿದ್ಯುತ್ ಕಂಬ ಎಲ್ಲೆಲ್ಲೂ ಹಳದಿ ಬಣ್ಣದ ಬಾಣದ ಗುರುತುಗಳಿರುತ್ತವೆ. ಅವುಗಳನ್ನು ನೋಡಿಕೊಂಡು ಹೋದರೆ ಸಾಕು.

ನಾನು ಮುಂದೆ, ಅವನು ಹಿಂದೆ. ನನ್ನ ನಡಿಗೆ ಮೊದಲಿನಿಂದಲೂ ಚುರುಕು. ಪ್ರತಿಯೊಂದು ದೇವಾಲಯದ ಮುಂದೆ ನಿಂತು, ಅವನು ಬರುವುದನ್ನು ಕಾದು, ಅಲ್ಲಿನ ಸಂತರ ಚರಿತ್ರೆಯನ್ನು ಹೇಳುತ್ತಿದ್ದೆ. ಅದರಿಂದ ಅವನಿಗೆ ತಕ್ಕ ಒಂದು ನೀತಿಯನ್ನೂ ತೆಗೆಯುತ್ತಿದ್ದೆ. ಸಾಂತೊ ದೊಮಿಂಗೊ ದೆ ಲಾ ಕಲ್ಸಾದಾ ಎಂಬ ಊರಿನ ಪ್ರಧಾನಾಲಯದೊಳಗೆ ಒಂದು ಗೂಡಿನಲ್ಲಿ ಜೀವಂತ ಹುಂಜ ಮತ್ತು ಹೇಂಟೆಯನ್ನು ಸಾಕಿದ್ದಾರೆ. ಅದನ್ನು ನೋಡಿ ಅವನು ಮೊದಲ ಬಾರಿಗೆ ನಕ್ಕ. ಆ ಊರಿಗೆ ಹೆಸರು ಕೊಟ್ಟ ಹನ್ನೊಂದನೆಯ ಶತಮಾನದ ಸಂತ ದೊಮಿಂಗೊ ಸನ್ಯಾಸಿಯಾಗಬೇಕೆಂದು ಮಠಗಳ ಬಾಗಿಲು ತಟ್ಟಿದವರು. ಮಠಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ಆಗ ಅವರು ಯಾತ್ರಿಕರಿಗಾಗಿ ಕಾಡು ಕಡಿದು ರಸ್ತೆ ಹಾಕಿದರು, ಸೇತುವೆ ಕಟ್ಟಿದರು. ಇದನ್ನು ಹೇಳಿದಾಗ ಗೆಳೆಯ, "ಮಠದೊಳಗೆ ಇದ್ದಿದ್ದರೆ ಸೇತುವೆ ಕಟ್ಟುತ್ತಿರಲಿಲ್ಲ ಬಿಡು" ಎಂದ. ನಾನು ಅದನ್ನು ತಮಾಷೆ ಎಂದುಕೊಂಡೆ.

ಬುರ್ಗೋಸ್ ನಗರ ದಾಟಿದ ಮೇಲೆ ಮೆಸೆತಾ ಎಂಬ ಬಯಲುಸೀಮೆ. ಮೇಲೆ ಆಕಾಶ, ಕೆಳಗೆ ಕಣ್ಣು ಹರಿಯುವಷ್ಟು ದೂರ ಹಸಿರು ಗೋಧಿ. ನಡುವೆ ನೇರವಾದ ಒಂದು ಮಣ್ಣುದಾರಿ. ಕರ್ರಿಯೋನ್ ದೆ ಲೊಸ್ ಕೊಂದೆಸ್ ಎಂಬ ಊರು ಬಿಟ್ಟರೆ ಮುಂದಿನ 17 ಕಿಲೋಮೀಟರ್ ಒಂದು ಹಳ್ಳಿಯೂ ಸಿಗುವುದಿಲ್ಲ. ಇಂಥ ಏಕಾಂತ ಇನ್ನೆಲ್ಲಿ ದೊರೆತೀತು ಎಂದುಕೊಂಡು ಅಂದು ಬೆಳಗ್ಗೆ ನಾನು ಯೋಬನ ವಿಷಯ ತೆಗೆದೆ. ನೀತಿವಂತನ ಸಂಕಟ, ದೇವರ ಮೌನ, ಕೊನೆಗೆ ದೊರೆತ ಆಶೀರ್ವಾದ. ಒಂದು ಗಂಟೆ ಮಾತನಾಡಿರಬೇಕು. ಹಿಂದಿನಿಂದ ಹೆಜ್ಜೆಯ ಸದ್ದು ನಿಂತಿತು. ತಿರುಗಿ ನೋಡಿದೆ.

"ಫಾದರ್" ಎಂದ.

ನಲವತ್ತು ವರ್ಷಗಳಲ್ಲಿ ನಾವಿಬ್ಬರೇ ಇರುವಾಗ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

"ಫಾದರ್, ಯೋಬನ ಕಥೆ ಸಾಕು. ಅವನ ಸ್ನೇಹಿತರು ಬಂದು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು ಎಂದು ನಾನೂ ಗುರುಮಠದಲ್ಲಿ ಓದಿದ್ದೇನೆ. ನೀವು ನನ್ನ ಜೊತೆ ಏಳು ನಿಮಿಷ ಕೂತಿದ್ದೀರಾ? ಅವಳು ಆಸ್ಪತ್ರೆಯಲ್ಲಿದ್ದ ಏಳು ವಾರಗಳಲ್ಲಿ ಮೂರು ಸಲ ಬಂದಿರಿ. ಪ್ರಾರ್ಥನೆ ಮಾಡಿದಿರಿ, ಅಭ್ಯಂಗ ಮಾಡಿದಿರಿ, ಗಡಿಯಾರ ನೋಡಿಕೊಂಡು ಹೋದಿರಿ. ಮಣ್ಣು ಮಾಡುವ ದಿನ ಇಪ್ಪತ್ತು ನಿಮಿಷ ದೇವರ ಚಿತ್ತದ ಬಗ್ಗೆ ಮಾತಾಡಿದಿರಿ. ಅವಳ ಹೆಸರನ್ನು ಎರಡೇ ಸಲ ಹೇಳಿದಿರಿ. ನಾನು ಎಣಿಸಿದ್ದೇನೆ. ಇವತ್ತು ನೀವು ಮುಂದೆ ಹೋಗಿ. ನಾನು ಹಿಂದಿನಿಂದ ಬರುತ್ತೇನೆ."

ನಾನು ಮುಂದೆ ಹೋದೆ. ಮೊದಲ ಒಂದು ಗಂಟೆ ನನ್ನೊಳಗೆ ಇದ್ದದ್ದು ಪಶ್ಚಾತ್ತಾಪವಲ್ಲ, ಸಿಟ್ಟು ಎಂದು ಒಪ್ಪಿಕೊಳ್ಳಬೇಕು. ಆಗ ನನ್ನ ಮೇಲೆ ಎರಡು ಧರ್ಮಕೇಂದ್ರಗಳ ಹೊಣೆ ಇತ್ತು, ಶಾಲೆಯ ಕಟ್ಟಡದ ಕೆಲಸ ನಡೆದಿತ್ತು, ಮೂರು ಸಲ ಹೋದದ್ದೇ ಹೆಚ್ಚು ಎಂದು ಮನಸ್ಸಿನಲ್ಲೇ ವಾದ ಹೂಡಿದೆ. ಆದರೆ ಆ ಬಯಲಿನಲ್ಲಿ ನನ್ನ ವಾದವನ್ನು ಕೇಳಿ ತಲೆದೂಗುವವರು ಯಾರೂ ಇರಲಿಲ್ಲ. ಎರಡನೆಯ ಗಂಟೆಯಲ್ಲಿ ಆಸ್ಪತ್ರೆಯ ಆ ಕೋಣೆ ನೆನಪಾಯಿತು. ಹಾಸಿಗೆಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇತ್ತು. ಮೂರು ಸಲವೂ ಅವನು ಅದನ್ನು ನನ್ನ ಕಡೆಗೆ ಎಳೆದಿದ್ದ. ಮೂರು ಸಲವೂ ನಾನು ನಿಂತೇ ಇದ್ದೆ.

ಕಲ್ಸಾದಿಯಾ ದೆ ಲಾ ಕ್ವೆಸಾ ಎಂಬ ಹಳ್ಳಿ ಸೇರಿ ತಂಗುದಾಣದ ಹೊರಗೆ ಕಾದು ಕುಳಿತೆ. ಒಂದೂವರೆ ಗಂಟೆ ಕಳೆದ ಮೇಲೆ ದೂರದಲ್ಲಿ ಅವನು ಕಾಣಿಸಿದ. ಕುಂಟುತ್ತಾ ಬರುತ್ತಿದ್ದ. ಬಲಮೊಣಕಾಲು ಊದಿಕೊಂಡಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ. "ನಾಲ್ಕು ದಿನ" ಎಂದ. ಯಾಕೆ ಹೇಳಲಿಲ್ಲ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಮುಂದೆ ಹೋಗುವವನಿಗೆ ಹಿಂದೆ ಬರುವವನ ಕಾಲು ಕಾಣುವುದಿಲ್ಲ. ನಾಲ್ಕು ದಿನ ಅವನು ಕುಂಟಿದ್ದ. ನಾಲ್ಕು ದಿನ ನಾನು ಪ್ರಬೋಧನೆ ಮಾಡಿದ್ದೆ.

ಲೆಯೋನ್ ನಗರದಲ್ಲಿ ಮೂರು ದಿನ ವಿಶ್ರಾಂತಿ ಪಡೆದೆವು. ಬಸ್ಸು ಹಿಡಿದು ಮಗಳ ಬಳಿಗೆ ಹಿಂದಿರುಗೋಣವೇ ಎಂದೆ. ಬೇಡ ಎಂದ. "ನೀನು ಹಿಂದೆ ಬರುವುದಾದರೆ ನಡೆಯುತ್ತೇನೆ." ಮತ್ತೆ 'ನೀನು' ಎಂದನಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನವಾಯಿತು. ಅಂದಿನಿಂದ ಅವನು ಮುಂದೆ, ನಾನು ಹಿಂದೆ. ಗಂಟೆಗೆ ಮೂರು ಕಿಲೋಮೀಟರ್ ನಡಿಗೆ. ಅವನು ನಿಂತಲ್ಲಿ ನಿಲ್ಲುವುದು, ಕುಳಿತಲ್ಲಿ ಕುಳಿತುಕೊಳ್ಳುವುದು. ನಾನಾಗಿ ಯಾವ ಮಾತನ್ನೂ ತೆಗೆಯಬಾರದೆಂದು ನಿಶ್ಚಯಿಸಿದೆ. ಸುಲಭವಾಗಿರಲಿಲ್ಲ. ಮಾತೇ ಕಸುಬಾದವನಿಗೆ ಮೌನ ಬೆನ್ನುಚೀಲಕ್ಕಿಂತ ಭಾರ.

ನಾಲ್ಕನೆಯ ದಿನ ಅವನೇ ಮಾತು ಆರಂಭಿಸಿದ. ಮೊದಲು ಸಣ್ಣ ಸಣ್ಣ ಸಂಗತಿಗಳು. ಅವರು ಬೆಳಗ್ಗೆ ಕಾಫಿ ಸೋಸುವಾಗ ಗುನುಗುತ್ತಿದ್ದ ಮರಿಯಮ್ಮನವರ ಹಾಡು. ಮಳೆಗಾಲದಲ್ಲಿ ಒಣಗದ ಬಟ್ಟೆಯ ಬಗ್ಗೆ ಆಡುತ್ತಿದ್ದ ಜಗಳ. ಮರುದಿನ ಆಸ್ಪತ್ರೆಯ ಮಾತು ಬಂತು. ಕೊನೆಯ ವಾರ ಒಂದು ರಾತ್ರಿ ಅವರು ಮಾವಿನಮಿಡಿ ಉಪ್ಪಿನಕಾಯಿಯ ಒಂದು ಚೂರು ಬೇಕೆಂದು ಕೇಳಿದ್ದರಂತೆ. ಉಪ್ಪು ಕೊಡಬಾರದೆಂದು ವೈದ್ಯರು ಹೇಳಿದ್ದರು. "ಚಿಕ್ಕ ಮಗುವಿನ ಹಾಗೆ ಹಟ ಮಾಡಬೇಡ ಎಂದು ಗದರಿಸಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಆಮೇಲೆ ಏನನ್ನೂ ಕೇಳಲಿಲ್ಲ. ಎರಡು ದಿನಕ್ಕೆ ಹೋಗಿಬಿಟ್ಟಳು. ಮನೆಯಲ್ಲಿ ಭರಣಿ ತುಂಬ ಮಿಡಿ ಇತ್ತು. ಅವಳೇ ಹಾಕಿಟ್ಟದ್ದು." ಇದನ್ನು ಅವನು ಮಗಳಿಗೂ ಹೇಳಿರಲಿಲ್ಲ.

ನನಗೆ ಹೇಳಲು ಹತ್ತು ಮಾತುಗಳು ತಿಳಿದಿದ್ದವು. ಒಂದನ್ನೂ ಹೇಳಲಿಲ್ಲ. ದಾರಿಬದಿಯ ಕಲ್ಲಿನ ಮೇಲೆ ಅವನ ಪಕ್ಕದಲ್ಲಿ ಕುಳಿತುಕೊಂಡೆ. ಎಷ್ಟು ಹೊತ್ತು ಕುಳಿತಿದ್ದೆವೋ ಗೊತ್ತಿಲ್ಲ. ಗಡಿಯಾರವನ್ನು ಲೆಯೋನ್‌ನಲ್ಲೇ ಬಿಚ್ಚಿ ಚೀಲದೊಳಗೆ ಹಾಕಿದ್ದೆ.

ಮುಂದೆ ಸುಮಾರು 1500 ಮೀಟರ್ ಎತ್ತರದಲ್ಲಿ ಕ್ರೂಸ್ ದೆ ಫೆರ್ರೊ ಎಂಬ ಕಬ್ಬಿಣದ ಶಿಲುಬೆ ಇದೆ. ಯಾತ್ರಿಕರು ತಮ್ಮ ಊರಿನಿಂದ ತಂದ ಕಲ್ಲನ್ನು ಅದರ ಬುಡದಲ್ಲಿ ಇಳಿಸಿ ಹೋಗುತ್ತಾರೆ. ಅವನು ಊರಿನಿಂದ ಏನನ್ನೂ ತಂದಿರಲಿಲ್ಲ. ಬೆಳಗ್ಗೆ ದಾರಿಯಲ್ಲಿ ಆರಿಸಿದ ಒಂದು ಸಣ್ಣ ಕಲ್ಲನ್ನು ಅಲ್ಲಿಟ್ಟ. ನಾನು ಏನು ಎಂದು ಕೇಳಲಿಲ್ಲ.

ಗಲಿಸಿಯಾ ಪ್ರಾಂತ್ಯದ ಹೆಬ್ಬಾಗಿಲಿನಂತಿರುವ ಓ ಸೆಬ್ರೆಯ್ರೊ ಸುಮಾರು 1300 ಮೀಟರ್ ಎತ್ತರದ ಬೆಟ್ಟದ ಹಳ್ಳಿ. ಹುಲ್ಲುಚಾವಣಿಯ ದುಂಡು ಮನೆಗಳು, ಕಲ್ಲಿನ ಪುರಾತನ ದೇವಾಲಯ. ದಾರಿಯುದ್ದಕ್ಕೂ ನಮ್ಮನ್ನು ಕರೆತಂದ ಹಳದಿ ಬಾಣಗಳ ಮೂಲ ಇದೇ ಊರು. ಇಲ್ಲಿನ ಧರ್ಮಕೇಂದ್ರದ ಗುರುಗಳಾಗಿದ್ದ ಎಲಿಯಾಸ್ ವಲಿನ್ಯಾ ಸಂಪೆದ್ರೊ ಅವರು ಜನ ಮರೆತಿದ್ದ ಈ ಹಾದಿಯ ಬಗ್ಗೆ ಸಂಶೋಧನೆ ಮಾಡಿ, 1984ರಲ್ಲಿ ಹಳದಿ ಬಣ್ಣದ ಡಬ್ಬ ಹಿಡಿದು ಬಾಣಗಳನ್ನು ಬರೆಯುತ್ತಾ ಹೊರಟರು. 1986ರಲ್ಲಿ ಸಾಂತಿಯಾಗೊ ತಲುಪಿ ಪ್ರಮಾಣಪತ್ರ ಪಡೆದ ಯಾತ್ರಿಕರ ಸಂಖ್ಯೆ ಎರಡೂವರೆ ಸಾವಿರವನ್ನೂ ಮುಟ್ಟಿರಲಿಲ್ಲ. ನಾವು ನಡೆದ 2024ರಲ್ಲಿ ಅದು ಹೆಚ್ಚುಕಡಿಮೆ ಐದು ಲಕ್ಷ. ಎಲಿಯಾಸ್ ಗುರುಗಳು 1989ರಲ್ಲೇ ತೀರಿಕೊಂಡರು. ದೇವಾಲಯದ ಅಂಗಳದಲ್ಲಿ ಅವರ ಪ್ರತಿಮೆಯಿದೆ. ಅವರು ಬರೆದ ಬಾಣ ಯಾರಿಗೂ ಬೋಧಿಸುವುದಿಲ್ಲ. ನೀನು ಯಾರು, ಏಕೆ ಬಂದೆ, ನಂಬುತ್ತೀಯಾ ಎಂದು ಕೇಳುವುದಿಲ್ಲ. ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ, ಅಷ್ಟೇ.

ಆ ದೇವಾಲಯದಲ್ಲಿ ಒಂದು ಹಳೆಯ ಪಾನಪಾತ್ರೆಯನ್ನು ಗಾಜಿನ ಹಿಂದೆ ಇರಿಸಿದ್ದಾರೆ. ಸುಮಾರು 1300ರ ಆಸುಪಾಸಿನಲ್ಲಿ ನಡೆಯಿತೆಂದು ಹೇಳುವ ಪರಮಪ್ರಸಾದದ ಪವಾಡಕ್ಕೆ ಸಂಬಂಧಿಸಿದ ಪಾತ್ರೆ ಅದು. ಚಳಿಗಾಲದ ಒಂದು ದಿನ ಭೀಕರ ಹಿಮಗಾಳಿ. ಅಂದು ಪೂಜೆಗೆ ಯಾರೂ ಬರಲಾರರು ಎಂದುಕೊಂಡು ಗುರುಗಳು ಬಲಿಪೂಜೆ ಆರಂಭಿಸಿದರು. ಆಗ ಕೆಳಗಿನ ಹಳ್ಳಿಯ ಒಬ್ಬ ಬಡ ರೈತ ಹಿಮವನ್ನು ತುಳಿದು, ಬೆಟ್ಟ ಹತ್ತಿ, ಏದುಸಿರು ಬಿಡುತ್ತಾ ಒಳಗೆ ಬಂದ. ಇಷ್ಟು ರೊಟ್ಟಿ, ಇಷ್ಟು ದ್ರಾಕ್ಷಾರಸ ನೋಡಲು ಇಷ್ಟು ದೂರ ಬಂದನಲ್ಲ ಈ ಮೂಢ ಎಂದು ಗುರುಗಳು ಮನಸ್ಸಿನಲ್ಲೇ ಹೀಯಾಳಿಸಿದರು. ಆ ಕ್ಷಣವೇ ಅವರ ಕೈಯಲ್ಲಿದ್ದ ರೊಟ್ಟಿ ಮಾಂಸವಾಯಿತು, ದ್ರಾಕ್ಷಾರಸ ರಕ್ತವಾಯಿತು. ಆ ಗುರುಗಳ ಮತ್ತು ಆ ರೈತನ ಸಮಾಧಿಗಳು ಅದೇ ದೇವಾಲಯದೊಳಗೆ ಇವೆ ಎಂಬುದು ಪ್ರತೀತಿ.

ಪರಮಪ್ರಸಾದದ ಹಬ್ಬದಂದು ಈ ಪವಾಡವನ್ನು ನಾನು ಹಲವು ಬಾರಿ ಪ್ರಬೋಧನೆಯಲ್ಲಿ ಬಳಸಿದ್ದೇನೆ. ನಂಬಿಕೆ ಕಳೆದುಕೊಂಡವರಿಗೆ ಎಚ್ಚರಿಕೆಯೆಂಬಂತೆ ಹೇಳಿದ್ದೇನೆ. ಅಂದು ಸಂಜೆ ಆ ಪಾತ್ರೆಯ ಮುಂದೆ ನಿಂತಾಗ, ಈ ಕಥೆಯಲ್ಲಿ ನಂಬಿಕೆ ಕಳೆದುಕೊಂಡಿದ್ದು ರೈತನಲ್ಲ, ಬಲಿಪೀಠದ ಹಿಂದೆ ನಿಂತಿದ್ದವನು ಎಂಬುದು ಮೊದಲ ಬಾರಿಗೆ ಎದೆಗೆ ತಾಗಿತು. ಎದುರಿಗೆ ಬಂದ ಮನುಷ್ಯ ಏನನ್ನು ಹೊತ್ತು, ಎಂಥ ಬಿರುಗಾಳಿಯಲ್ಲಿ ಹತ್ತಿ ಬಂದಿದ್ದಾನೆ ಎಂದು ಅವರು ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಪೂಜೆ ಮುಗಿಸಿ ಹೊರಗೆ ಬಂದು ಗೆಳೆಯನಿಗೆ, "ಆಸ್ಪತ್ರೆಯಲ್ಲಿ ನಾನು ಕೂರಬೇಕಿತ್ತು. ಮಣ್ಣಿನ ದಿನ ಅವರ ಬಗ್ಗೆ ಮಾತಾಡಬೇಕಿತ್ತು. ಕ್ಷಮಿಸು" ಎಂದೆ. ಅವನು ಸ್ವಲ್ಪ ಹೊತ್ತು ಕಣಿವೆಯ ಕಡೆ ನೋಡುತ್ತಿದ್ದ. ಆಮೇಲೆ, "ಚಳಿ ಆಗ್ತಿದೆ. ನಡಿ, ಬಿಸಿ ಸೂಪು ಕುಡಿಯೋಣ" ಎಂದ. ಸೊಪ್ಪು, ಆಲೂಗಡ್ಡೆ ಹಾಕಿದ ಆ ಊರಿನ ಸಾರನ್ನು ಇಬ್ಬರೂ ಎರಡೆರಡು ಬಟ್ಟಲು ಕುಡಿದೆವು.

ಸಂತ ಲೂಕರ ಶುಭಸಂದೇಶದಲ್ಲಿ ಎಮ್ಮಾವು ಎಂಬ ಹಳ್ಳಿಗೆ ಹೊರಟ ಇಬ್ಬರು ಶಿಷ್ಯರ ಪ್ರಸಂಗ ನಿಮಗೆಲ್ಲ ತಿಳಿದಿದೆ. ಅದನ್ನೂ ನಾನು ಪಾಸ್ಖ ಕಾಲದಲ್ಲಿ ಬೋಧಿಸುತ್ತಲೇ ಬಂದಿದ್ದೇನೆ. ಆದರೆ ಎರಡು ಸಂಗತಿಗಳನ್ನು ಗಮನಿಸಿರಲಿಲ್ಲ. ಆ ಇಬ್ಬರು ನಡೆಯುತ್ತಿದ್ದುದು ಜೆರುಸಲೇಮಿನ ಕಡೆಗಲ್ಲ, ಅದನ್ನು ಬಿಟ್ಟು ದೂರಕ್ಕೆ. ಪುನರುತ್ಥಾನರಾದ ಪ್ರಭು ಅವರನ್ನು ತಡೆದು ಹಿಂದಕ್ಕೆ ತಿರುಗಿಸಲಿಲ್ಲ. ಅವರು ಹೊರಟ ದಿಕ್ಕಿಗೇ, ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದರು. ಇನ್ನೊಂದು, ಎಲ್ಲವನ್ನೂ ಬಲ್ಲ ಪ್ರಭು ಏನೂ ತಿಳಿಯದವರಂತೆ ಪ್ರಶ್ನೆ ಕೇಳಿದರು. ಅವರು ತಮ್ಮ ದುಃಖವನ್ನೆಲ್ಲ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡರು. ಪವಿತ್ರ ಗ್ರಂಥದ ವಿವರಣೆ ಬಂದದ್ದು ಆಮೇಲೆ. ನಾನು ವಿವರಣೆಯಿಂದಲೇ ಆರಂಭಿಸಿದ್ದೆ.

ಮೇ 17ರಂದು, ನಲವತ್ತನೆಯ ದಿನ, ಸಾಂತಿಯಾಗೊ ತಲುಪಿದೆವು. ಪ್ರಧಾನಾಲಯದ ಪ್ರಸಿದ್ಧ ಬೃಹತ್ ಧೂಪಾರತಿಯನ್ನು ಅಂದು ತೂಗಲಿಲ್ಲ. ನಮಗೆ ಬೇಸರವೂ ಆಗಲಿಲ್ಲ. ಯಾತ್ರಿಕರ ಕಚೇರಿಯಲ್ಲಿ ಪ್ರಮಾಣಪತ್ರ ಕೊಡುವ ಮೊದಲು ಯಾತ್ರೆಯ ಉದ್ದೇಶವನ್ನು ಕೇಳುತ್ತಾರೆ. ಮೃತರಾದ ಆಪ್ತರ ಪರವಾಗಿ ನಡೆದವರು ಅವರ ಹೆಸರನ್ನೂ ಆ ಪತ್ರದಲ್ಲಿ ಬರೆಸಬಹುದು. ಗೆಳೆಯ ಇದನ್ನು ಯಾರಿಂದಲೋ ಕೇಳಿ ತಿಳಿದಿದ್ದ. ಮೇಜಿನ ಮುಂದೆ ನಿಂತು ಪತ್ನಿಯ ಪೂರ್ಣ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದ. ಹೊರಗೆ ಬಂದ ಮೇಲೆ ನನ್ನನ್ನು ನೋಡಿ, "ಅವಳಿಗೆ ನಂಬಿಕೆ ಇತ್ತು. ಅವಳ ಪರವಾಗಿ ನಡೆದೆ" ಎಂದ. ನಿನ್ನ ಪರವಾಗಿ ಎಂದು ಕೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ.

ಅವನು ಈಗ ಪೂಜೆಗೆ ಬರುತ್ತಾನೆಯೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕೆಲವು ಭಾನುವಾರ ಬರುತ್ತಾನೆ. ಕೆಲವು ಭಾನುವಾರ ಬರುವುದಿಲ್ಲ. ಬಂದಾಗ ಕೊನೆಯ ಸಾಲಿನಲ್ಲಿ ಕೂರುತ್ತಾನೆ. ನಾನು ಎಣಿಸುವುದನ್ನು ಬಿಟ್ಟಿದ್ದೇನೆ. ಮೃತರ ಸ್ಮರಣೆಯ ದಿನ ಸಮಾಧಿಯ ಬಳಿ ಮೇಣದಬತ್ತಿ ಹಚ್ಚುವಾಗ ಅವನ ಪಕ್ಕದಲ್ಲಿ ನಿಲ್ಲುತ್ತೇನೆ. ನಿಮ್ಮ ಮನೆಗಳಲ್ಲೂ ಹೀಗೆ ಹಿಂದೆ ಉಳಿದು ಕುಂಟುತ್ತಾ ಬರುತ್ತಿರುವವರು ಒಬ್ಬರಾದರೂ ಇರಬಹುದು: ಮಾತು ಬಿಟ್ಟ ತಂದೆ, ಪೂಜೆಗೆ ಬರಲೊಲ್ಲದ ಮಗ, ಕಿಟಕಿಯ ಬಳಿ ಕೂತ ಅತ್ತೆ. ಅವರಿಗೆ ಬುದ್ಧಿ ಹೇಳುವ ಮೊದಲು ಒಮ್ಮೆ ಅವರ ಹಿಂದೆ ನಡೆದು ನೋಡಿ.

ನನ್ನ ಮಟ್ಟಿಗೆ ಒಂದು ಸಣ್ಣ ಬದಲಾವಣೆಯನ್ನಷ್ಟೇ ಮಾಡಿಕೊಂಡಿದ್ದೇನೆ. ಅಸ್ವಸ್ಥರನ್ನು ಕಾಣಲು ಹೋದಾಗ, ಪ್ರಾರ್ಥನಾ ಪುಸ್ತಕ ತೆರೆಯುವ ಮೊದಲು, ಸ್ಟೂಲನ್ನು ನಾನೇ ಎಳೆದುಕೊಂಡು ಕುಳಿತುಕೊಳ್ಳುತ್ತೇನೆ.